ಪೂರ್ತಿ ಓಪನ್ ಸೋರ್ಸ್, ನೈತಿಕವಾಗಿಯೂ ಸರಿಯಾದ ಚಿಪ್: ಎಲ್ಲಿಯವರೆಗೆ ಸಾಧ್ಯ?

ಬೇರ್‌ಮೆಟಲ್:

ಫರ್ಮ್‌ವೇರ್ ಬರೆಯೋದು ನನ್ನ ಕಸುಬು. ಚಿಪ್ಪಿನೊಳಗೆ ಏನಿದೆ ಅಂತ ಡೇಟಾಶೀಟ್ ಹೇಳಿದಷ್ಟೇ ನನಗೆ ಗೊತ್ತು. ಅದರಲ್ಲೂ "ರಿಸರ್ವ್ಡ್, ಬರೆಯಬೇಡಿ" ಅನ್ನೋ ರಿಜಿಸ್ಟರ್‌ಗಳದ್ದೇ ಪುಟಗಟ್ಟಲೆ. ಬೂಟ್ ಕೋಡ್ ಸಿಲಿಕಾನ್‌ನಲ್ಲೇ ಕೂತಿರುತ್ತೆ, ಓದೋಕೆ ಬಿಡಲ್ಲ. ಯಾಕೆ ಅಂತ ಕೇಳಿದರೆ ಗುಟ್ಟು ಕಾಯೋ ಕರಾರು, ಅಂದರೆ ಎನ್‌ಡಿಎ ಮುಂದೆ ಹಿಡೀತಾರೆ. ಇದು ಸಾಕಾಗಿದೆ.

ನಾವು ಕೆಲವರು ಸೇರಿ ಒಂದು ಸಣ್ಣ ಮೈಕ್ರೋಕಂಟ್ರೋಲರ್ ಮಾಡಬೇಕು ಅಂತಿದ್ದೇವೆ. ವೇಗ ಬೇಡ, ಆತುರವೂ ಇಲ್ಲ. ಮೀಟರ್, ಸೆನ್ಸರ್ ಇಂಥದ್ದಕ್ಕೆ ಸಾಕಾದರೆ ಸಾಕು. ಷರತ್ತು ಎರಡೇ. ಮೊದಲಿಂದ ಕೊನೆವರೆಗೆ ಓಪನ್ ಆಗಿರಬೇಕು. ನೈತಿಕವಾಗಿಯೂ ತಲೆ ತಗ್ಗಿಸುವಂತೆ ಇರಬಾರದು: ಗಣಿಯಲ್ಲಿ, ಫ್ಯಾಬ್‌ನಲ್ಲಿ (ಚಿಪ್ ಅಚ್ಚು ಹಾಕೋ ಕಾರ್ಖಾನೆ) ದುಡಿದವರ ಆರೋಗ್ಯ ಹಾಳು ಮಾಡಿ ಬಂದದ್ದಾಗಿರಬಾರದು, ನಾಳೆ ಕ್ಷಿಪಣಿಯೊಳಗೋ ಜನರ ಮೇಲೆ ಕಣ್ಣಿಡೋ ಯಂತ್ರದೊಳಗೋ ಹೋಗಿ ಕೂರಬಾರದು.

ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ಇನ್‌ಸ್ಟ್ರಕ್ಷನ್ ಸೆಟ್ ತಗೊಂಡರೆ ಮೊದಲನೇ ಷರತ್ತು ಮುಗೀತಾ? ಎರಡನೇದನ್ನ ಲೈಸೆನ್ಸ್‌ನಲ್ಲೇ ಬರೆದುಬಿಡಬಹುದಾ?

ಸಾಫ್ಟ್‌ಕೋರ್:

ಚಿಪ್ ಮಾಡಿಸೋ ಗೋಜಿಗೆ ಯಾಕೆ ಹೋಗ್ತೀರಿ ಮಾರಾಯ್ರೇ? ಒಂದು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟ್ ಅನ್ನ ಬೇಕಾದಾಗ ಬದಲಿಸಬಹುದಾದ ಚಿಪ್) ತಗೊಳ್ಳಿ, ಪೈಕೋಆರ್‌ವಿ32 ಅನ್ನೋ ಓಪನ್ ರಿಸ್ಕ್-ಫೈವ್ ಪ್ರೊಸೆಸರ್ ಕೋರ್ ಹಾಕಿ. ಲ್ಯಾಟಿಸ್‌ನ ಐಸ್40 ಸರಣಿಗೆ 2015ರಿಂದಲೇ ಪೂರ್ತಿ ಓಪನ್ ಟೂಲ್ ಇದೆ. ಅದಕ್ಕೆ ತುಂಬೋ ಬಿಟ್‌ಸ್ಟ್ರೀಮ್ ಫೈಲ್‌ನ ಒಂದೊಂದು ಬಿಟ್ ಏನು ಮಾಡುತ್ತೆ ಅಂತ ಜನ ಬಿಡಿಸಿ ಬಿಡಿಸಿ ಬರೆದಿಟ್ಟಿದ್ದಾರೆ. ತಪ್ಪಾದರೆ ಮತ್ತೆ ಬರೀಬಹುದು, ಸಿಲಿಕಾನ್ ಆದರೆ ಹೋಯ್ತು ಅಂದರೆ ಹೋಯ್ತು. ಇನ್ನೊಂದು ಲಾಭ: ನಿಮ್ಮ ಸರ್ಕ್ಯೂಟ್ ಎಫ್‌ಪಿಜಿಎಯ ಯಾವ ಮೂಲೆಯಲ್ಲಿ ಕೂರುತ್ತೆ ಅಂತ ತಯಾರಿಸಿದವನಿಗೆ ಮೊದಲೇ ಗೊತ್ತಿರಲ್ಲ, ಹಾಗಾಗಿ ಅದಕ್ಕೇ ಗುರಿಯಿಟ್ಟು ಕಳ್ಳಬಾಗಿಲು ಇಡೋದು ಕಷ್ಟ. ಹಾರ್ಡ್‌ವೇರ್ ಹ್ಯಾಕರ್ "ಬನ್ನಿ" ಹುವಾಂಗ್ ತಮ್ಮ ಪ್ರಿಕರ್ಸರ್ ಸಾಧನವನ್ನ ಎಫ್‌ಪಿಜಿಎ ಮೇಲೆ ಕಟ್ಟಿದ್ದಕ್ಕೆ ಇದೇ ಕಾರಣ.

ಎಫ್‌ಪಿಜಿಎಯ ಸಿಲಿಕಾನ್ ಮಾತ್ರ ಮುಚ್ಚಿದ್ದೇ. ಅದು ಹೊಟ್ಟೆಗೆ ಹಾಕಿಕೊಳ್ಳೋಕಾದರೆ ಇದೇ ಸುಲಭದ ದಾರಿ.

ಹಳೇಮಾಸ್ಕ್:

ಲೇಔಟ್ ಕೆಲಸದಲ್ಲೇ ತಲೆ ನೆರೆಸಿಕೊಂಡವನು ನಾನು. ಎಫ್‌ಪಿಜಿಎ ಸಲಹೆ ತಪ್ಪಲ್ಲ, ಯಾವ ಚಿಪ್ ಆದರೂ ಮೊದಲು ಅದರ ಮೇಲೇ ಓಡಬೇಕು. ಆದರೆ ಕೇಳಿದ್ದು ಬೇರೆ, ಅದಕ್ಕೆ ಬರ್ತೀನಿ.

ರಿಸ್ಕ್-ಫೈವ್ ತಗೊಂಡರೆ ಮುಗೀತಾ ಅಂದರೆ, ಶುರುವೂ ಆಗಿಲ್ಲ. 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ರಿಸ್ಕ್-ಫೈವ್ ಒಂದು ದಾಖಲೆ ಅಷ್ಟೇ. ಯಾವ ಬಿಟ್ ಮಾದರಿಗೆ ಕೂಡಬೇಕು, ಯಾವುದಕ್ಕೆ ಕಳೆಯಬೇಕು ಅನ್ನೋ ಒಪ್ಪಂದ. ಮೂಲ ಆರ್‌ವಿ32ಐಯಲ್ಲಿ 40 ಇನ್‌ಸ್ಟ್ರಕ್ಷನ್, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆ ಒಪ್ಪಂದಕ್ಕೆ ತಕ್ಕಂತೆ ಮಾಡಿದ ಕೋರ್ ಓಪನ್ ಇರಲೇಬೇಕು ಅಂತೇನಿಲ್ಲ. ಮಾರುಕಟ್ಟೆಯಲ್ಲಿ ರಿಸ್ಕ್-ಫೈವ್ ಹೆಸರು ಹೊತ್ತು ಒಳಗೆಲ್ಲ ಮುಚ್ಚಿರೋ ಚಿಪ್‌ಗಳು ಬೇಕಾದಷ್ಟಿವೆ.

ಓಪನ್ ಕೋರ್‌ಗೇನೂ ಬರ ಇಲ್ಲ. ಪೈಕೋಆರ್‌ವಿ32, ಐಬೆಕ್ಸ್, ಒಂದೊಂದೇ ಬಿಟ್ ಲೆಕ್ಕ ಹಾಕೋ ಪುಟಾಣಿ ಸರ್ವ್, ಐಐಟಿ ಮದ್ರಾಸ್‌ನ ಶಕ್ತಿ, ಯಾವುದು ಬೇಕೋ ಅದು. ಇದು ಹೊಸದೂ ಅಲ್ಲ, 2006ರಲ್ಲೇ ಸನ್ ಕಂಪನಿ ಅಲ್ಟ್ರಾಸ್ಪಾರ್ಕ್ ಟಿ1 ಪ್ರೊಸೆಸರಿನ ವೆರಿಲಾಗ್ (ಸರ್ಕ್ಯೂಟ್ ಬರೆಯೋ ಭಾಷೆ) ಕೋಡ್ ಅನ್ನ ಜಿಪಿಎಲ್ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿತ್ತು. ಓದೋಕೆ ಎಲ್ಲರಿಗೂ ಸಿಕ್ಕಿತು, ಅಚ್ಚು ಹಾಕಿಸೋಕೆ ಯಾರಿಗೂ ದಾರಿ ಇರಲಿಲ್ಲ. ಕೋರ್ ಬಗ್ಗೆ ಇಷ್ಟು ಸಾಕು.

ಗಂಟು ಇರೋದು ಪಿಡಿಕೆಯಲ್ಲಿ. ವೆರಿಲಾಗ್‌ನಲ್ಲಿ "ಇದು ಆ್ಯಂಡ್ ಗೇಟ್" ಅಂತ ಬರೀತೀರಿ. ಫ್ಯಾಬ್‌ಗೆ ಬೇಕಾಗಿರೋದು ಚಿತ್ರ: ಇಲ್ಲಿ ಪಾಲಿ, ಇಲ್ಲಿ ಡಿಫ್ಯೂಷನ್, ಎರಡು ಮೆಟಲ್ ಗೆರೆಗಳ ನಡುವೆ ಇಷ್ಟು ಜಾಗ, ವಯಾ (ಪದರದಿಂದ ಪದರಕ್ಕೆ ಸಂಪರ್ಕ ಕೊಡೋ ತೂತು) ಸುತ್ತ ಇಷ್ಟು ಅಂಚು. ಆ ನಿಯಮ, ಟ್ರಾನ್ಸಿಸ್ಟರ್ ಮಾದರಿ, ಗೇಟ್‌ಗಳ ಲೈಬ್ರರಿ ಎಲ್ಲಾ ಸೇರಿದ ಕಟ್ಟೇ ಪಿಡಿಕೆ. ನಾನು ದುಡಿದ ಒಂದು ಕಡೆ ನಿಯಮಗಳ ಒಂದು ಪುಟ ಪ್ರಿಂಟ್ ತೆಗೆಯೋಕೂ ಇಬ್ಬರ ಸಹಿ ಬೇಕಿತ್ತು. ಲೇಔಟ್ ಅಂದರೆ ಆ ನಿಯಮಗಳ ನೆರಳೇ ಆದ್ದರಿಂದ, ಪಿಡಿಕೆ ಎನ್‌ಡಿಎ ಒಳಗಿದ್ದರೆ ನಿಮ್ಮದೇ ಚಿಪ್ಪಿನ ಚಿತ್ರವನ್ನ ನೀವು ಯಾರಿಗೂ ತೋರಿಸುವ ಹಾಗಿಲ್ಲ.

ಲಿಬ್ರೆ-ಎಸ್‌ಒಸಿ ತಂಡದವರು ಇದನ್ನೇ ಎದುರಿಸಿದ್ದು. 2021ರಲ್ಲಿ ಟಿಎಸ್‌ಎಂಸಿಯ 180 ನ್ಯಾನೋಮೀಟರ್‌ನಲ್ಲಿ ಅವರ ಪರೀಕ್ಷಾ ಚಿಪ್ ಟೇಪ್‌ಔಟ್ ಆಯ್ತು (ಅಂದರೆ ವಿನ್ಯಾಸ ಅಚ್ಚಿಗೆ ಹೋಯ್ತು), ಲೇಔಟ್‌ಗೆ ಪ್ಯಾರಿಸ್‌ನ ಎಲ್ಐಪಿ6 ಪ್ರಯೋಗಾಲಯದ ಕೊರಿಯೊಲಿಸ್ ಟೂಲ್. ಎನ್‌ಡಿಎಗೆ ಸಹಿ ಹಾಕದವರು ನಿಜವಾದ ಸೆಲ್‌ಗಳ ಬದಲು ಡಮ್ಮಿ ಸೆಲ್ ಇಟ್ಟುಕೊಂಡು ಕೆಲಸ ಮಾಡಬೇಕಿತ್ತು, ಅಸಲಿ ಫ್ಯಾಬ್ ಫೈಲ್‌ಗಳು ಗೋಡೆಯ ಆಚೆ. ಅಷ್ಟು ಹಟ ಹಿಡಿದು ಮಾಡಿದ್ದಕ್ಕೆ ಕೈಮುಗೀಬೇಕು. ಆದರೂ ಆ ಗೋಡೆ ಹಾಗೇ ನಿಂತಿತ್ತು.

ಅಂಥ ಗೋಡೆ ಮೊದಲ ಸಲ ಬಿದ್ದದ್ದು ಬೇರೊಂದು ಫ್ಯಾಬ್‌ನದ್ದು, 2020ರ ಜೂನ್‌ನಲ್ಲಿ. ಗೂಗಲ್ ಮತ್ತು ಫ್ಯಾಬ್ ಕಂಪನಿ ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್‌ನ ಸ್ಕೈ130 ಪಿಡಿಕೆಯನ್ನ ಅಪಾಚೆ 2.0 ಲೈಸೆನ್ಸ್‌ನಡಿ ಬಿಟ್ಟರು. 2022ರಲ್ಲಿ ಗ್ಲೋಬಲ್‌ಫೌಂಡ್ರೀಸ್‌ನ 180 ಬಂತು, ಜರ್ಮನಿಯ ಐಎಚ್‌ಪಿಯದೂ ಇದೆ. 130 ನ್ಯಾನೋಮೀಟರ್ ಅಂದರೆ 2002ರ ಹೊತ್ತಿನ ಪೆಂಟಿಯಂ 4ರ ಕಾಲದ್ದು, ಮೀಟರ್ ಓಡಿಸೋಕೆ ಧಾರಾಳ ಸಾಕು. ಟೂಲ್‌ಗಳೂ ಇವೆ: ಯೋಸಿಸ್ ವೆರಿಲಾಗ್ ಅನ್ನ ಗೇಟ್‌ಗೆ ಇಳಿಸುತ್ತೆ, ಓಪನ್‌ರೋಡ್ ಗೇಟ್‌ಗಳನ್ನ ಜೋಡಿಸಿ ತಂತಿ ಎಳೆಯುತ್ತೆ, ಕೇಲೇಔಟ್ ಮತ್ತು ಮ್ಯಾಜಿಕ್ ನಿಯಮ ತಪಾಸಣೆ ಮಾಡುತ್ತವೆ. ಮ್ಯಾಜಿಕ್ 1980ರ ದಶಕದ್ದು, ನೋಡೋಕೂ ಹಾಗೇ ಇದೆ, ಕೆಲಸದಲ್ಲಿ ಗಟ್ಟಿ.

ಇದರಿಂದ ನಿಜಕ್ಕೂ ಏನು ಸಿಗುತ್ತೆ ಅಂತ ಒಂದು ಉದಾಹರಣೆ ಕೊಡ್ತೀನಿ, ಯಾಕಂದರೆ "ಓಪನ್" ಅನ್ನೋದನ್ನ ಎಲ್ಲರೂ ತತ್ವವಾಗಿ ಮಾತಾಡ್ತಾರೆ. ಸ್ಕೈ130 ಶಟಲ್‌ಗಳಲ್ಲಿ (ಹಲವರ ವಿನ್ಯಾಸ ಒಂದೇ ವೇಫರ್ ಹಂಚಿಕೊಂಡು ಅಚ್ಚಾಗೋ ಸರದಿ) ಎಲ್ಲರ ವಿನ್ಯಾಸವೂ ಕ್ಯಾರವೆಲ್ ಅನ್ನೋ ಒಂದೇ ಚೌಕಟ್ಟಿನೊಳಗೆ ಕೂರುತ್ತಿತ್ತು. ಅದರಲ್ಲಿ 38 ಪಿನ್. ಪ್ರತಿ ಪಿನ್ ಇನ್‌ಪುಟ್ಟೋ ಔಟ್‌ಪುಟ್ಟೋ ಅಂತ ಹೇಳೋಕೆ 13 ಬಿಟ್. ಈ ಬಿಟ್‌ಗಳು 19 ಪಿನ್‌ಗಳ ಎರಡು ಸರಪಳಿಗಳಲ್ಲಿ ಒಂದರಿಂದ ಒಂದಕ್ಕೆ ದಾಟಿಕೊಂಡು ಹೋಗಬೇಕು. ಮೊದಮೊದಲ ಚಿಪ್‌ಗಳಲ್ಲಿ ಈ ದಾಟುವಿಕೆಯಲ್ಲೇ ಹೋಲ್ಡ್ ದೋಷ ಇತ್ತು: ಕ್ಲಾಕ್ ತಲುಪೋದು ತಡವಾಗಿ, ಮುಂದಿನ ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡೋ ಸರ್ಕ್ಯೂಟ್) ಹಳೇ ಬಿಟ್ ಹಿಡಿಯೋ ಮೊದಲೇ ಹೊಸ ಬಿಟ್ ಬಂದು ಅದರ ಜಾಗದಲ್ಲಿ ಕೂತುಬಿಡುತ್ತೆ. ಸೆಟಪ್ ದೋಷವಾದರೆ, ಅಂದರೆ ಬಿಟ್ಟೇ ತಡವಾಗಿ ಬಂದರೆ, ಕ್ಲಾಕ್ ನಿಧಾನ ಮಾಡಿ ಬಚಾವಾಗಬಹುದು. ಹೋಲ್ಡ್ ದೋಷಕ್ಕೆ ಆ ಮದ್ದೂ ಇಲ್ಲ. ಮುಚ್ಚಿದ ಚಿಪ್ ಆಗಿದ್ದರೆ ಎರಟಾದಲ್ಲಿ (ದೋಷಪಟ್ಟಿ) ಒಂದು ಸಾಲು ಬರೆದು ಕಸಕ್ಕೆ ಹಾಕೋರು.

ಇಲ್ಲಿ ಲೇಔಟ್ ಎಲ್ಲರ ಕೈಯಲ್ಲಿತ್ತು. ಯಾವ ಎರಡು ಪಿನ್‌ಗಳ ನಡುವೆ ಬಿಟ್ ಕಳೆದುಹೋಗುತ್ತೆ ಅಂತ ಬೋರ್ಡ್ ಮೇಲೇ ಒಂದೊಂದಾಗಿ ಪರೀಕ್ಷೆ ಮಾಡಿ, ದೋಷವನ್ನ "ಡಿಪೆಂಡೆಂಟ್", "ಇಂಡಿಪೆಂಡೆಂಟ್" ಅಂತ ಎರಡು ಜಾತಿ ಮಾಡಿದರು. ಆಮೇಲೆ ದಾರಿಯಲ್ಲಿ ಕಳೆಯೋ ಬಿಟ್‌ಗಳನ್ನ ಲೆಕ್ಕ ಹಿಡಿದು, ಕಳೆದ ಮೇಲೆ ಸರಿಯಾಗಿ ಬಂದು ಕೂರೋ ಹಾಗೆ ಬಿಟ್ ಸಾಲನ್ನೇ ಬದಲಿಸಿ ಕಳಿಸಿದರು. ಪ್ರತಿ ಚಿಪ್‌ಗೆ ಅದರದೇ ಸಾಲು. ನನಗೆ ಓಪನ್ ಅಂದರೆ ಇದು.

ಇನ್ನು ಕೊರತೆಗಳು. ಎಸ್‌ರ್ಯಾಮ್ ಅನ್ನೋ ಒಳ ಮೆಮೊರಿಗೆ ಓಪನ್‌ರ್ಯಾಮ್ ಟೂಲ್ ಇದೆ, ಬಳಸೋ ಮೊದಲು ಅದೇ ಮ್ಯಾಕ್ರೋ (ಸಿದ್ಧ ಬ್ಲಾಕ್) ಸಿಲಿಕಾನ್‌ನಲ್ಲಿ ಪರೀಕ್ಷೆ ಆಗಿದೆಯಾ ನೋಡಿಕೊಳ್ಳಿ. ಒಳಗೇ ಫ್ಲ್ಯಾಶ್ ಬೇಕು ಅನ್ನೋ ಆಸೆ ಬಿಡಿ, ಹೊರಗಿನ ಎಸ್‌ಪಿಐ ಫ್ಲ್ಯಾಶ್‌ನಿಂದಲೇ ಓಡಿಸಿ. ಯುಎಸ್‌ಬಿ, ಡಿಡಿಆರ್ ಇಂಥವುಗಳ ಅನಲಾಗ್ ಭಾಗ ಬಹುಪಾಲು ಮುಚ್ಚಿದ್ದೇ, ನಿಮಗೆ ಅದು ಬೇಕಾಗೂ ಇಲ್ಲ. ಮತ್ತೆ ಪಿಡಿಕೆ ಓಪನ್ ಆದ ಮಾತ್ರಕ್ಕೆ ಪ್ರಕ್ರಿಯೆ ಓಪನ್ ಅಲ್ಲ. ಯಾವ ಅಯಾನು ಎಷ್ಟು, ಒಲೆಯಲ್ಲಿ ಎಷ್ಟು ಡಿಗ್ರಿ, ಎಷ್ಟು ಹೊತ್ತು, ಇದು ಫ್ಯಾಬ್‌ನ ಗುಟ್ಟು. "ಮೊದಲಿಂದ ಕೊನೆವರೆಗೆ" ಅನ್ನೋದು ಈವತ್ತಿಗೆ ಫ್ಯಾಬ್‌ನ ಬಾಗಿಲವರೆಗೆ ಅಂತ ತಿದ್ದಿಕೊಳ್ಳಿ.

ಬಾಗಿಲ ಆಚೆ ಏನಾದರೂ ಕಿತಾಪತಿ ಆದರೆ? 2013ರಲ್ಲಿ ಬೆಕರ್ ಮತ್ತು ಸಂಗಡಿಗ ಸಂಶೋಧಕರು ತೋರಿಸಿದ್ದಾರೆ: ಕೆಲವೇ ಟ್ರಾನ್ಸಿಸ್ಟರ್‌ಗಳ ಡೋಪಿಂಗ್ (ಸಿಲಿಕಾನ್‌ಗೆ ಸೇರಿಸೋ ಬೇರೆ ಧಾತು) ಬದಲಿಸಿದರೆ ರ‍್ಯಾಂಡಮ್ ನಂಬರ್ ಜನರೇಟರ್ ದುರ್ಬಲವಾಗುತ್ತೆ, ಮೆಟಲ್, ಪಾಲಿ ಎಲ್ಲಾ ಹಾಗೇ ಇರೋದರಿಂದ ಬೆಳಕಿನ ಮೈಕ್ರೋಸ್ಕೋಪ್‌ಗೆ ಕಾಣಲ್ಲ. ಹುವಾಂಗ್ ಅವರ ಐರಿಸ್ ವಿಧಾನ ಇದೆ, ಸಿಲಿಕಾನ್ ಅವಗೆಂಪು ಬೆಳಕಿಗೆ ಪಾರದರ್ಶಕ ಆಗಿರೋದರಿಂದ ಚಿಪ್ಪನ್ನ ಬೋರ್ಡ್ ಮೇಲಿಂದ ಕೀಳದೇ ಹಿಂಬದಿಯಿಂದ ನೋಡಬಹುದು. ಎಸ್‌ರ್ಯಾಮ್ ಎಲ್ಲಿ, ಲಾಜಿಕ್ ಎಷ್ಟಗಲ, ಲೇಔಟ್‌ನಲ್ಲಿ ಇಲ್ಲದ ಬ್ಲಾಕ್ ಏನಾದರೂ ಇದೆಯಾ ಅಂತ ಹೋಲಿಸಬಹುದು. ಒಂದೊಂದು ಟ್ರಾನ್ಸಿಸ್ಟರ್ ಕಾಣಲ್ಲ. ಚಿಪ್ಪಿನ ಹಿಂಬದಿ ಬರಿದಾಗಿರೋ ಪ್ಯಾಕೇಜ್ ಆರಿಸಿದರೆ ನಿಮ್ಮ ಗ್ರಾಹಕರೂ ಇಷ್ಟನ್ನ ನೋಡಿಕೊಳ್ಳಬಹುದು.

ನೈತಿಕತೆಯದ್ದು ಆಮೇಲೆ ಬರೀತೀನಿ, ಕಣ್ಣು ಉರೀತಿದೆ.

ಷರಾ:

ಲೈಸೆನ್ಸ್ ಪ್ರಶ್ನೆಗೆ ನೇರ ಉತ್ತರ: ಆಗುವುದಿಲ್ಲ. ಓಪನ್ ಸೋರ್ಸ್ ವ್ಯಾಖ್ಯೆಯ 6ನೇ ಅಂಶವೇ ಯಾವ ಕ್ಷೇತ್ರದ ಬಳಕೆಗೂ ತಾರತಮ್ಯ ಕೂಡದು ಎನ್ನುತ್ತದೆ. ಫ್ರೀ ಸಾಫ್ಟ್‌ವೇರ್‌ನವರ ಸೊನ್ನೆಯನೇ ಸ್ವಾತಂತ್ರ್ಯವೂ ಅದೇ, ಯಾವ ಉದ್ದೇಶಕ್ಕಾದರೂ ಓಡಿಸಬಹುದು. "ಆಯುಧಕ್ಕೆ ಬಳಸಬಾರದು" ಎಂದು ಬರೆದ ಕ್ಷಣ ನಿಮ್ಮ ಮೊದಲ ಷರತ್ತು ಬಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಬರೆದರೂ ಫಲ ಕಡಿಮೆ. ಕೃತಿಸ್ವಾಮ್ಯ ಅನ್ವಯಿಸುವುದು ವೆರಿಲಾಗ್ ಪಠ್ಯಕ್ಕೆ. ಅಚ್ಚಾಗಿ ಬಂದ ಚಿಪ್ಪಿನ ವಿನ್ಯಾಸಕ್ಕೆ ಪ್ರತ್ಯೇಕ ಕಾನೂನು, ಅಮೆರಿಕದಲ್ಲಿ 1984ರದ್ದು, ರಕ್ಷಣೆ 10 ವರ್ಷ. ಅಂಗಡಿಯಿಂದ ಚಿಪ್ ಕೊಂಡವನು ನಿಮ್ಮ ಲೈಸೆನ್ಸ್ ಓದಿಯೂ ಇರುವುದಿಲ್ಲ. ಮಾರಾಟದ ಕರಾರಿನಲ್ಲಿ ಮೊದಲ ಖರೀದಿದಾರನಿಗೆ ಷರತ್ತು ಹಾಕಬಹುದು, ಯಾರಿಗೆ ಮಾರುವುದಿಲ್ಲ ಎಂದು ನೀವೇ ತೀರ್ಮಾನಿಸಬಹುದು. ವಿನ್ಯಾಸದ ಲೈಸೆನ್ಸಿಗೂ ಅದಕ್ಕೂ ಸಂಬಂಧ ಬೇಡ.

ವಿನ್ಯಾಸಕ್ಕೆ 2020ರ ಸರ್ನ್ ಓಪನ್ ಹಾರ್ಡ್‌ವೇರ್ ಲೈಸೆನ್ಸ್ 2ನೇ ಆವೃತ್ತಿ ನೋಡಿ. ಎಸ್, ಡಬ್ಲ್ಯೂ, ಪಿ ಎಂದು ಮೂರು ಬಗೆ. ನಿಮ್ಮದನ್ನು ತಿದ್ದಿ ಚಿಪ್ ಮಾಡಿದವರು ತಿದ್ದಿದ್ದನ್ನು ಪ್ರಕಟಿಸಲೇಬೇಕು ಎಂದಿದ್ದರೆ ಎಸ್. ಜಿಪಿಎಲ್‌ಗಿಂತ ಇದು ಹಾರ್ಡ್‌ವೇರ್‌ಗೆ ಹೊಂದುತ್ತದೆ.

ಬೇರ್‌ಮೆಟಲ್:

ಹಾಗಾದರೆ ನೈತಿಕ ಅನ್ನೋ ಮಾತನ್ನೇ ಬಿಟ್ಟು, ಓಪನ್ ಅಂತಷ್ಟೇ ಹೇಳಿಕೊಳ್ಳೋದು ಪ್ರಾಮಾಣಿಕತೆ ಅನಿಸ್ತಿದೆ.

ಹಳೇಮಾಸ್ಕ್:

ಬಿಡಬೇಡಿ. ಷರಾ ಅವರು ಹೇಳಿದ್ದು ಸರಿ, ಲೈಸೆನ್ಸ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಬೇರೆ ಕಡೆ ಇದೆ.

ಮೊದಲು ಖನಿಜ. ಎಲ್ಲರೂ ಹೇಳೋದು ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ. ನಿಮ್ಮ ಚಿಪ್‌ನಲ್ಲಿ ಇವು ಎಲ್ಲಿವೆ ನೋಡಿ. ಟಂಗ್‌ಸ್ಟನ್ ಇರೋದು ಟ್ರಾನ್ಸಿಸ್ಟರಿಂದ ಮೇಲಿನ ಮೆಟಲ್‌ಗೆ ಹೋಗೋ ಕಾಂಟ್ಯಾಕ್ಟ್ ತೂತುಗಳಲ್ಲಿ, ತಪ್ಪಿಸೋಕಾಗಲ್ಲ. ಟ್ಯಾಂಟಲಮ್ ತಾಮ್ರದ ತಂತಿಗೆ ತಡೆಪದರ, ಸ್ಕೈ130ರದ್ದು ಅಲ್ಯೂಮಿನಿಯಂ ತಂತಿ, ಅಲ್ಲಿ ಆ ಪದರ ಬೇಕಿಲ್ಲ. ಚಿನ್ನ ಬಾಂಡ್ ವೈರ್‌ನಲ್ಲಿ, ತಾಮ್ರದ ವೈರ್ ಬೇಕು ಅಂತ ಪ್ಯಾಕೇಜಿಂಗ್‌ನವರನ್ನ ಕೇಳಬಹುದು. ತವರ ಬೆಸುಗೆಯಲ್ಲಿ. ಅಂದರೆ ತೂಕದ ಲೆಕ್ಕದಲ್ಲಿ ಚಿಪ್ಪಿಗಿಂತ ಬೋರ್ಡ್‌ನಲ್ಲೇ ಹೆಚ್ಚು. ಕಾನೂನುಗಳಿವೆ, ಅಮೆರಿಕದ್ದು 2010ರದ್ದು, ಯುರೋಪಿನದು 2021ರಿಂದ ಜಾರಿ. ಅಮೆರಿಕದ ಕಾನೂನು ಬಂದ ಹೊಸದರಲ್ಲಿ ಎಷ್ಟೋ ಖರೀದಿದಾರರು ತಪಾಸಣೆಯ ತಂಟೆಯೇ ಬೇಡ ಅಂತ ಪೂರ್ವ ಕಾಂಗೋದಿಂದ ಕೊಳ್ಳೋದನ್ನೇ ನಿಲ್ಲಿಸಿದರು, ಕೈಯಲ್ಲಿ ಅಗೆದು ಹೊಟ್ಟೆ ಹೊರೆಯೋ ಗಣಿಗಾರರಿಗೇ ಪೆಟ್ಟು ಬಿತ್ತು. "ಆ ಪ್ರದೇಶದ್ದು ಇಲ್ಲ" ಅನ್ನೋ ಚೀಟಿ ನನ್ನ ಪ್ರಕಾರ ನೈತಿಕತೆ ಅಲ್ಲ. ಯಾವ ಸ್ಮೆಲ್ಟರ್‌ನಿಂದ ಬಂತು, ಅದರ ಆಡಿಟ್ ಆಗಿದೆಯಾ ಅಂತ ಕೇಳಿ. ಸಾವಿರಾರು ಗಣಿಗಳ ಅದಿರು ಕೆಲವೇ ಸ್ಮೆಲ್ಟರ್‌ಗಳ ಮೂಲಕ ಹಾದುಹೋಗೋದರಿಂದ ಹಿಡಿಯೋಕೆ ಸಾಧ್ಯ ಇರೋ ಜಾಗ ಅದೇ.

ನನಗೆ ಹೆಚ್ಚು ಕಾಡೋದು ಫ್ಯಾಬ್‌ನ ಒಳಗಿನದು. ಆ ಬಿಳಿ ಬನಿ ಸೂಟ್ ಇದೆಯಲ್ಲ, ಅದು ವೇಫರ್ ಅನ್ನ ಮನುಷ್ಯನಿಂದ ಕಾಪಾಡೋಕೆ ಇರೋದು. ಮನುಷ್ಯನನ್ನ ರಾಸಾಯನಿಕದಿಂದ ಕಾಪಾಡೋಕೆ ಅಲ್ಲ. 1980-90ರ ದಶಕದಲ್ಲಿ ಗ್ಲೈಕಾಲ್ ಈಥರ್ ಬಳಸೋ ವಿಭಾಗಗಳ ಹೆಣ್ಣುಮಕ್ಕಳಲ್ಲಿ ತಾನಾಗಿ ಆಗೋ ಗರ್ಭಪಾತ ಹೆಚ್ಚು ಅಂತ ಅಧ್ಯಯನಗಳು ತೋರಿಸಿದವು. ಸಿಲಿಕಾನ್ ವ್ಯಾಲಿಯ ಅಂತರ್ಜಲಕ್ಕೆ ಟ್ರೈಕ್ಲೋರೋಎಥಿಲೀನ್ ಸೋರಿ ಅದರ ಶುದ್ಧೀಕರಣ ಇನ್ನೂ ನಡೀತಿದೆ. ದಕ್ಷಿಣ ಕೊರಿಯಾದಲ್ಲಿ ಹ್ವಾಂಗ್ ಯು-ಮಿ ಅನ್ನೋ ಫ್ಯಾಬ್ ಕೆಲಸಗಾರ್ತಿ 2007ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು, ಅವರ ತಂದೆ ಶುರು ಮಾಡಿದ ಹೋರಾಟಕ್ಕೆ ಸ್ಯಾಮ್‌ಸಂಗ್‌ನ ಕ್ಷಮಾಪಣೆ ಬಂದದ್ದು 2018ರಲ್ಲಿ. ಅಷ್ಟು ವರ್ಷ ಎಳೆದದ್ದಕ್ಕೆ ಒಂದು ಕಾರಣ, ಯಾವ ರಾಸಾಯನಿಕ ಬಳಸಿದರು ಅನ್ನೋದು ವ್ಯಾಪಾರ ರಹಸ್ಯ ಅನ್ನೋ ವಾದ.

ಈಗ ನಿಮ್ಮ ಎರಡು ಷರತ್ತು ಎಲ್ಲಿ ಕೂಡ್ತಾವೆ ನೋಡಿ. ವಯಾ ಅಂತರ ಹೇಳಲ್ಲ ಅನ್ನೋ ಬೀಗ ಮತ್ತೆ ಕೆಲಸಗಾರ್ತಿಯ ಡಾಕ್ಟರಿಗೆ ರಾಸಾಯನಿಕದ ಹೆಸರು ಹೇಳಲ್ಲ ಅನ್ನೋ ಬೀಗ ಒಂದೇ. ಮೊದಲನೇದನ್ನ ಜನ ಕೇಳಿ ಕೇಳಿ ತೆಗೆಸಿದರು. ಎರಡನೇದನ್ನ ನಮ್ಮಂಥ ಚಿಪ್ ಮಾಡೋರು ಕೇಳಿದ್ದೇ ಕಡಿಮೆ. ಲಿಥೋಗ್ರಫಿಯಲ್ಲಿ ಬಳಸೋ ದ್ರಾವಕ ಯಾವುದು, ಪಿಫಾಸ್ (ಸುಲಭಕ್ಕೆ ನಾಶವಾಗದ ಫ್ಲೋರಿನ್ ರಾಸಾಯನಿಕ) ಇರೋ ಪದಾರ್ಥ ಎಲ್ಲೆಲ್ಲಿ, ಎಚ್ಚಿಂಗ್ ಚೇಂಬರ್‌ನಿಂದ ಹೊರಡೋ ಅನಿಲ ಸುಡೋ ಘಟಕ ಇದೆಯಾ ಅಂತ ಶಟಲ್ ಬುಕ್ ಮಾಡೋವಾಗ ಬರವಣಿಗೆಯಲ್ಲಿ ಕೇಳಿ. ಕೊನೆಯದು ಸಣ್ಣ ವಿಷಯ ಅಲ್ಲ, ಎಚ್ಚಿಂಗ್‌ಗೆ ಬಳಸೋ ಎಸ್‌ಎಫ್6 ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 20 ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತೆ. ಉತ್ತರ ಬಂದರೆ ರೆಪಾಸಿಟರಿಯಲ್ಲಿ ಲೇಔಟ್ ಫೈಲ್ ಪಕ್ಕದಲ್ಲೇ ಇಡಿ. ಬರದಿದ್ದರೆ ಪ್ರಶ್ನೆಯನ್ನ ಹಾಗೇ ಇಟ್ಟು ಎದುರಿಗೆ "ಉತ್ತರ ಇಲ್ಲ" ಅಂತ ಬರೀರಿ.

ಇನ್ನೊಂದು, ಒಂದೇ ಫ್ಯಾಬ್‌ಗೆ ಜೋತುಬೀಳಬೇಡಿ. ಸ್ಕೈ130 ಶಟಲ್ ನಡೆಸ್ತಿದ್ದ ಇಫ್ಯಾಬ್ಲೆಸ್ 2025ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಜನರ ಚಿಪ್ ಅರ್ಧದಲ್ಲಿ ನಿಂತಿತು. ಹಲವರ ಪುಟ್ಟ ವಿನ್ಯಾಸಗಳನ್ನ ಒಂದೇ ಚಿಪ್‌ನಲ್ಲಿ ಸೇರಿಸಿ ಮಾಡಿಸೋ ಟೈನಿ ಟೇಪ್‌ಔಟ್‌ನವರು ಐಎಚ್‌ಪಿ ಕಡೆ ಹೊರಳಿದರು, ಓಪನ್ ಪಿಡಿಕೆ ಎರಡನೇದೂ ಇದ್ದದ್ದಕ್ಕೆ ಅದು ಸಾಧ್ಯವಾಯ್ತು.

ಬೇರ್‌ಮೆಟಲ್:

ತುಂಬಾ ಥ್ಯಾಂಕ್ಸ್ ಸರ್. ಪ್ರಶ್ನೆಪಟ್ಟಿ ಇವತ್ತೇ ಶುರು ಮಾಡ್ತೀನಿ. ಮೊದಲ ಸಲ ಟೈನಿ ಟೇಪ್‌ಔಟ್‌ನ ಒಂದೇ ಟೈಲ್ (ಜಾಗದ ತುಂಡು) ತಗೊಂಡು, ಎಸ್‌ರ್ಯಾಮ್ ಗೊಡವೆ ಇಲ್ಲದೇ ಬರೀ ಫ್ಲಿಪ್‌ಫ್ಲಾಪ್‌ನಲ್ಲೇ ರಿಜಿಸ್ಟರ್ ಫೈಲ್ ಮಾಡಿದರೆ ಕೋರ್ ಹಿಡಿಸುತ್ತಾ?

ಹಳೇಮಾಸ್ಕ್:

ಲೆಕ್ಕ ಹಾಕಿ. ಸ್ಕೈ130 ಲೆಕ್ಕದಲ್ಲಿ ಟೈಲ್ ಸುಮಾರು 160 ಗುಣಿಸು 100 ಮೈಕ್ರೋಮೀಟರ್, ಅಂದರೆ 16,000 ಚದರ ಮೈಕ್ರೋಮೀಟರ್. ಅದರ ಸಣ್ಣ ಡಿ ಫ್ಲಿಪ್‌ಫ್ಲಾಪ್ ಒಂದಕ್ಕೆ 20. ಆರ್‌ವಿ32ಐಗೆ 32 ರಿಜಿಸ್ಟರ್, 32 ಬಿಟ್, ಒಟ್ಟು 1,024. ಸೊನ್ನೆ ರಿಜಿಸ್ಟರ್ ಬಿಟ್ಟರೂ ಟೈಲ್ ಮೀರಿ ಹೋಯ್ತು. ಆರ್‌ವಿ32ಇಯಲ್ಲಿ ರಿಜಿಸ್ಟರ್ 16 ಮಾತ್ರ, ಸೊನ್ನೆ ತೆಗೆದರೆ 480 ಬಿಟ್, 9,600 ಚದರ ಮೈಕ್ರೋಮೀಟರ್. ಉಳಿದ ಜಾಗದಲ್ಲಿ ಡಿಕೋಡರ್, ಎಎಲ್‌ಯು, ತಂತಿ ಎಳೆಯೋ ಜಾಗ ಎಲ್ಲಾ ಹಿಡಿಸಬೇಕು, ಆಗಲ್ಲ. ಲ್ಯಾಚ್ ಹಾಕಿದರೆ 20ರ ಬದಲು 15, ಆದರೆ ಟೈಮಿಂಗ್ ತಲೆನೋವು, ಮೊದಲ ಚಿಪ್‌ಗೆ ಬೇಡ. ಎರಡು ಟೈಲ್ ತಗೊಂಡು, ಸರ್ವ್ ಥರ ಬಿಟ್-ಸೀರಿಯಲ್ ಲೆಕ್ಕಕ್ಕೆ ಇಳಿದು, ರಿಜಿಸ್ಟರ್‌ಗಳನ್ನ ಶಿಫ್ಟ್ ಸಾಲುಗಳಾಗಿ ಇಟ್ಟು ನೋಡಿ. ಶಿಫ್ಟ್ ಸಾಲು ಅಂದ ಕೂಡಲೇ ಹೋಲ್ಡ್ ರಿಪೋರ್ಟ್ ವೇಗದ, ಮಧ್ಯಮ, ನಿಧಾನದ ಸ್ಥಿತಿಗಳ ಮೂರೂ ಕಾರ್ನರ್‌ನಲ್ಲಿ ಓದಿ, ಫಾಸ್ಟ್ ಕಾರ್ನರ್ ಮೊದಲು. ಸಿಂಥೆಸಿಸ್ ಆದ ಮೇಲೆ ಏರಿಯಾ ರಿಪೋರ್ಟ್ ಇಲ್ಲಿ ಹಾಕಿ, ನೋಡೋಣ.